ಬುಟ್ಟೆ ಅನ್ನವ್ವ

ನಮ್ಮತ್ತೆ ಕೈ ಮುಗಿದರೆ ಎರಡು ಅಂಗೈ ಕೂಡುತ್ತಿರಲಿಲ್ಲ. ಹರೆಯದಲ್ಲಿ ಕಬ್ಬು ಕಡಿಯುವಾಗ ಮಚ್ಚು ಜಾರಿ ಬಲಗೈಯ ಎರಡು ಬೆರಳಿನ ನರ ಕತ್ತರಿಸಿತ್ತಂತೆ. ಆ ಬೆರಳುಗಳು ಒಳಕ್ಕೆ ಮಡಿಚಿಕೊಂಡೇ ಉಳಿದಿದ್ದವು. ಹಾಗಾಗಿ ಅವರ ನಮಸ್ಕಾರದ ನಡುವೆ ಒಂದು ನಿಂಬೆಹಣ್ಣು ಹಿಡಿಸುವಷ್ಟು ಜಾಗ. ಆ ಸೊಟ್ಟ ನಮಸ್ಕಾರವನ್ನು ಅವರು ಕಂಡಕಂಡವರಿಗೆಲ್ಲ ಮಾಡುತ್ತಿದ್ದರು. ಬೆಳಿಗ್ಗೆ ಎದ್ದರೆ ಸೂರ್ಯನಿಗೆ, ನೀರು ಬಂದ ದಿನ ನಾಲೆಗೆ, ಕರು ಹಾಕಿದ ಹಸುವಿಗೆ, ನಂಜನಗೂಡಿನ ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಅದರ ಡ್ರೈವರಿಗೆ.

ಇಪ್ಪತ್ತೆಂಟು ವರ್ಷಕ್ಕೇ ಗಂಡನನ್ನು ಕಳೆದುಕೊಂಡವರು. ಹುಲ್ಲಹಳ್ಳಿಯಲ್ಲಿ ಒಂದು ಹೆಂಚಿನ ಮನೆ, ಸ್ವಲ್ಪ ಗದ್ದೆ, ಎರಡು ಗಂಡು ಮಕ್ಕಳು. ತವರು ಅಂತ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಹಾಗಾಗಿ ಮನೆಗೆ ಹೊಸದಾಗಿ ಒಂದು ತಲೆ ಸೇರಿತು ಅಂದರೆ ಅವರಿಗೆ ಅದೇ ದೊಡ್ಡ ಹಬ್ಬ. “ಮೂರು ಮುದ್ದೆ ಕಟ್ತಿದ್ದ ಕೈ ಕಣವ್ವ ಇದು, ಈಗ ಎಂಟು ಕಟ್ತದೆ” ಅಂತ ಕೊನೆಕೊನೆಗೆ ಯಾರು ಬಂದರೂ ಮಡಿಚಿದ ಬೆರಳು ತೋರಿಸಿ ಹೇಳುತ್ತಿದ್ದರು.

ಕೃತಜ್ಞತೆ ಏನೋ ದೊಡ್ಡದು, ಆದರೆ ಅದನ್ನು ಪಡೆದವರು ಒಂದು ವಾರ ಚೇತರಿಸಿಕೊಳ್ಳಬೇಕಾಗುತ್ತಿತ್ತು. ನಾನು ಹಿರಿಯ ಸೊಸೆಯಾಗಿ ಅಕ್ಕಿ ಸೇರು ಒದ್ದು ಒಳಗೆ ಬಂದಾಗ ಊರ ಹೆಂಗಸರ ಮುಂದೆ ನನ್ನ ಗಲ್ಲ ಹಿಡಿದು, “ಬಣ್ಣ ವಸಿ ಕಮ್ಮಿಯೇ ಬುಡು, ಉಬ್ಬಲ್ಲು ಬೇರೆ. ಆದ್ರೂ ನಮ್ಮಂತೋರ ಮನೆಗೆ ಬಂದ್ಯಲ್ಲವ್ವ, ನಿಂಗೆ ದೊಡ್ ಸರಣು” ಅಂದರು. ಎರಡನೆಯ ಮಗನ ಮದುವೆಯಲ್ಲಿ ಬೀಗರಿಗೆ ಛತ್ರದ ನಡುವೆಯೇ ಕೈ ಮುಗಿದರು. “ಒಂದ್ ಎಳೆ ಸರಾನೂ ಆಕ್ನಿಲ್ಲ ನೀವು. ಓಗ್ಲಿ, ಮಗ್ಳು ಗುಂಡುಗುಂಡ್ಗೆ ಅವ್ಳೆ, ನಮ್ಗೆ ಅದೇ ಬಂಗಾರ.” ನನ್ನ ಓರಗಿತ್ತಿಯ ಅಪ್ಪ ನಗಬೇಕೋ ಅಳಬೇಕೋ ತಿಳಿಯದೆ ತಾಂಬೂಲದ ತಟ್ಟೆಯಿಂದ ಎರಡು ಎಲೆ ತೆಗೆದು ಬಾಯಿಗೆ ಹಾಕಿಕೊಂಡರು.

ಆ ಮನೆ ಸೇರಿ ನಾಲ್ಕು ವರ್ಷವಾದ ಮೇಲೆ ನಾನು ಬಸುರಾದೆ. ನನಗೆ ಮೂರು ತಿಂಗಳಾದಾಗ ಓರಗಿತ್ತಿಗೆ ಐದು. ಇದ್ದಕ್ಕಿದ್ದಂತೆ ಅವಳಿಗೆ ರಕ್ತ ಕಾಣಿಸಿಕೊಂಡಿತು. ಡಾಕ್ಟರು ಮಲಗಿದ ಕಡೆಯಿಂದ ಏಳಬೇಡ ಅಂದರು. ಅವತ್ತು ಸಂಜೆ ಅತ್ತೆ ನನ್ನನ್ನು ಹಿತ್ತಲಿಗೆ ಕರೆದರು.

“ಒಂದ್ ಒಸ್ಲೊಳಗೆ ಎರಡು ಬಸುರು ನಿಲ್ಲಾಕಿಲ್ಲ ಕಣವ್ವ. ಒಂದು ಇನ್ನೊಂದ್ನ ತಳ್ತದೆ. ನೀನು ಒಳೆ ದಾಟ್ಕೊಂಡು ನಿಮ್ಮವ್ವನ ಮನೆಗೋಗಿ ವಸಿ ದಿನ ಇರು.”

ನನ್ನ ತವರು ಮೂಗೂರು. ಹುಲ್ಲಹಳ್ಳಿಯಿಂದ ನಂಜನಗೂಡು, ಅಲ್ಲಿಂದ ನರಸೀಪುರ, ಅಲ್ಲಿಂದ ಇನ್ನೊಂದು ಬಸ್ಸು. ಮೂರು ತಿಂಗಳಲ್ಲಿ ಅಷ್ಟು ಕುಲುಕಾಟ ಬೇಡ ಅಂತ ನನ್ನ ಗಂಡನಿಗೆ ಹೇಳಿದೆ. “ಅವ್ವ ಯೋಳುದ್ಮೇಲೆ ಮುಗೀತು” ಅಂತ ಆ ಮಹರಾಯ ನನ್ನ ಬ್ಯಾಗಿಗೆ ಸೀರೆ ತುರುಕಿದ.

ಅತ್ತೆ ನಂಜನಗೂಡಿನವರೆಗೂ ಜೊತೆಯಲ್ಲೇ ಬಂದರು. ನರಸೀಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಹಿಡಿದು ಕೂರಿಸಿದರು. ಸೆರಗಿನ ತುದಿ ಒದ್ದೆ ಮಾಡಿ ನನ್ನ ಮುಖ ಒರೆಸಿ, ಒಂದು ಚಿಪ್ಪು ರಸಬಾಳೆ ಮಡಿಲಿಗೆ ಹಾಕಿದರು. ಬಸ್ಸು ಹೊರಟಾಗ ನನಗೆ ಕೈ ಮುಗಿದು, ದೇವಸ್ಥಾನದ ದಾರಿ ಹಿಡಿದರು. ನನಗಾಗಿ ಬೇಡಿಕೊಳ್ಳಲು ನಂಜುಂಡೇಶ್ವರನ ಹತ್ತಿರ ಹೋಗುತ್ತಿದ್ದಾರೆ ಅಂದುಕೊಂಡೆ. ಕಣ್ಣು ತುಂಬಿ ಬಂತು. ನರಸೀಪುರದವರೆಗೂ ಬಾಳೆಹಣ್ಣು ತಿನ್ನುತ್ತಾ ಅದೇ ಖುಷಿಯಲ್ಲಿ ಕೂತಿದ್ದೆ.

ಮೂಗೂರು ಸೇರಿದ ನಾಲ್ಕನೆಯ ದಿನ ಬಸುರು ಹೋಯಿತು. ಅವ್ವ ಆಟೋ ಮಾಡಿಕೊಂಡು ನರಸೀಪುರದ ಆಸ್ಪತ್ರೆಗೆ ಸೇರಿಸಿದಳು. ಅಲ್ಲಿ ಎಲ್ಲ ತೆಗೆದು ಶುದ್ಧ ಮಾಡಿ ಕಳಿಸಿದರು. ಆಮೇಲೆ ನನಗೆ ಇನ್ನೊಂದು ಬಸುರು ನಿಲ್ಲಲೇ ಇಲ್ಲ. ತಿಂಗಳು ಕಳೆದು ಹುಲ್ಲಹಳ್ಳಿಗೆ ಬಂದಾಗ ಓರಗಿತ್ತಿ ಹೊಟ್ಟೆ ಮುಂದೆ ಮಾಡಿಕೊಂಡು ಸೊಪ್ಪು ಸೋಸುತ್ತಿದ್ದಳು. ನಾನು ಕಳೆದುಕೊಂಡ ವಾರವೇ ಅವಳ ರಕ್ತ ನಿಂತಿತ್ತಂತೆ. ಅತ್ತೆ ಬಯ್ಯಲಿಲ್ಲ, ಅಳಲಿಲ್ಲ. ತಮ್ಮ ಗಂಡು ಮಕ್ಕಳಿಬ್ಬರಿಗಿಂತ ಮೊದಲು ನನ್ನ ತಟ್ಟೆಗೆ ಮುದ್ದೆ ಇಟ್ಟರು. ಅವತ್ತಿನಿಂದ ಮೊದಲ ಮುದ್ದೆ ಯಾವತ್ತೂ ನನ್ನದೇ.

ಪಕ್ಕದ ಮನೆಯವಳೊಬ್ಬಳು ನನ್ನನ್ನು ಬಂಜೆ ಅಂದದ್ದು ಕಿವಿಗೆ ಬಿದ್ದಾಗ ಅತ್ತೆ ಕಲಗಚ್ಚಿನ ಬಕೆಟ್ ಎತ್ತಿ ಅವಳ ಮೇಲೆ ಸುರಿದಿದ್ದರು. ಹಾಗಂತ ಅವರೇ ನನ್ನನ್ನು ಬಿಟ್ಟರೆಂದಲ್ಲ. “ಒಟ್ಟೇಲಂತೂ ಏನೂ ಇಲ್ಲ, ತಲೆಗಾದ್ರೂ ವಸಿ ತುಂಬ್ಕೋ” ಅಂತ ಟೀಚರ್ ಟ್ರೈನಿಂಗಿಗೆ ಸೇರಿಸಿದ್ದು ಅವರೇ. ಅರ್ಜಿ ಫಾರಂ ಕೊಡುವ ಆಫೀಸಿನ ಮೆಟ್ಟಿಲ ಮೇಲೆ ಇಡೀ ದಿನ ನನ್ನ ಚೀಲ ಹಿಡಿದು ಕೂತಿದ್ದರು. ಗುಮಾಸ್ತ ಫಾರಂ ಕೊಟ್ಟಾಗ, “ಸಿಡುಕು ಮೂತಿ ಆದ್ರೂ ಕೊಟ್ಟೆಯಲ್ಲಪ್ಪ ಸಾ” ಅಂತ ಅವನಿಗೂ ಕೈ ಮುಗಿದರು. ಇವತ್ತು ನಾನು ಸರ್ಕಾರಿ ಶಾಲೆಯ ಮೇಡಂ ಆಗಿರುವುದು ಅವರ ಋಣ. ಇಲ್ಲ ಅನ್ನಲಾರೆ.

ಓರಗಿತ್ತಿಗೆ ಹೆಣ್ಣು ಮಗು ಹುಟ್ಟಿತು. ಆಮೇಲೆ ಇನ್ನೆರಡು. ಆದರೆ ಪ್ರತಿ ವರ್ಷ ನಂಜನಗೂಡಿನಲ್ಲಿ ಬೆಲ್ಲದ ತುಲಾಭಾರ ಮಾತ್ರ ಆ ಮೊದಲನೆಯ ಕೂಸಿಗೇ. ಬೆಲ್ಲದ ಚೀಲ ಹೊರುವುದು ನಾನು. ಉಳಿದ ಮಕ್ಕಳಿಗೆ ಯಾಕಿಲ್ಲ ಅಂದರೆ, “ಅದೊಂದು ಅರಕೆ, ಸುಮ್ಕೆ ಒತ್ಕೊಂಡ್ ಬಾ” ಅನ್ನುತ್ತಿದ್ದರು. ಕೂಸು ದೊಡ್ಡದಾದ ಹಾಗೆಲ್ಲ ಚೀಲವೂ ದೊಡ್ಡದಾಯಿತು. ಹದಿನೈದನೇ ವಯಸ್ಸಿನಲ್ಲಿ ಅವಳು ತಕ್ಕಡಿಯ ಮುಂದೆ ನಿಂತು, “ಅಜ್ಜಿ, ನನ್ನೇನು ಭತ್ತದ ಮೂಟೆ ಅಂದ್ಕೊಂಡಿದ್ದೀಯಾ? ಎಲ್ಲಾರೂ ನೋಡ್ತಾವ್ರೆ” ಅಂತ ರಂಪ ಮಾಡಿದಳು. ಅತ್ತೆ ಅವಳ ಜಡೆ ಹಿಡಿದು ಕೂರಿಸಿದರು. ತೂಗಿದ ಬೆಲ್ಲದಲ್ಲಿ ಪ್ರಸಾದ ಅಂತ ಸಿಕ್ಕುವ ಮೊದಲ ಚೂರನ್ನು ತಾವೇ ನನ್ನ ಬಾಯಿಗಿಡುತ್ತಿದ್ದರು. ಮಕ್ಕಳಿಲ್ಲದವಳು ಅಂತ ಮರುಕ ಇರಬೇಕು ಅಂದುಕೊಂಡು ಚಪ್ಪರಿಸಿಕೊಂಡು ತಿಂದೆ. ಅವಳು ಮದುವೆಯಾಗಿ ಹೋಗುವವರೆಗೂ ಪ್ರತಿ ವರ್ಷ ತಿಂದೆ.

ಆ ಕೂಸು ಬೆಳೆದದ್ದು ಅರ್ಧ ನನ್ನ ಮಡಿಲಲ್ಲೇ. ಎಣ್ಣೆ ನೀರು ಹಾಕಿದ್ದು, ಅಕ್ಷರ ತಿದ್ದಿಸಿದ್ದು, ಜ್ವರ ಬಂದರೆ ಎದೆಗವಚಿಕೊಂಡು ಕೂತಿದ್ದು ನಾನು. ನನ್ನನ್ನು ದೊಡ್ಡವ್ವ ಅನ್ನುತ್ತಾಳೆ. ದೊಡ್ಡ ಅನ್ನುವುದು ಯಾವಾಗಲೋ ಬಿದ್ದುಹೋಗಿ ಬರೀ ಅವ್ವ ಉಳಿಯುತ್ತದೆ. ಅವಳನ್ನು ನರಸೀಪುರಕ್ಕೆ ಕೊಟ್ಟು ಮದುವೆ ಮಾಡಿದೆವು. ಅಳಿಯ ಒಳ್ಳೆಯವನು. ಮಾರನೆಯ ವರ್ಷವೇ ಬಸುರಿ ಅಂತ ಸುದ್ದಿ ಬಂತು. ಅಷ್ಟು ಹೊತ್ತಿಗೆ ಅತ್ತೆ ಕಿಡ್ನಿ ಕೆಟ್ಟು ನಡುಮನೆಯ ಮಂಚ ಹಿಡಿದಿದ್ದರು.

ಒಂದು ಮಧ್ಯಾಹ್ನ ಫೋನು ಬಂತು. ಕೂಸಿಗೆ ಐದನೇ ತಿಂಗಳು, ಸ್ವಲ್ಪ ರಕ್ತ ಕಾಣಿಸಿದೆ, ಭಯವಿಲ್ಲ, ಮಲಗಿರಲು ಹೇಳಿದ್ದಾರೆ ಅಂತ. ಓರಗಿತ್ತಿ ಆಗಲೇ ನರಸೀಪುರಕ್ಕೆ ಹೊರಟಳು. ನಾನು ಗಂಜಿ ತೆಗೆದುಕೊಂಡು ಹೋದರೆ ಅತ್ತೆ ಬಾಗಿಲು ಮುಚ್ಚು ಅಂದರು.

“ದೊಡ್ಡೋಳೇ, ಲೋಕಕ್ಕೆಲ್ಲ ಕೈ ಮುಗ್ದೆ, ನಿಂಗೆ ಮುಗ್ದುದ್ದು ಸಾಲ್ದು. ಈ ಮನೆ ಬೆಳ್ದುದ್ದು ನಿನ್ನಿಂದ ಕಣವ್ವ.”

ಇವತ್ತೇನು ಹೊಸ ರಾಗ ಅಂದುಕೊಂಡೆ.

“ಅವತ್ತು ನಿನ್ನ ಬಸ್ ಅತ್ತಿಸ್ಬುಟ್ಟು ನಂಜುಂಡನ ತಾವ್ಕೆ ಓದೆ. ಎರಡೂ ನಿಲ್ಲಾಕಿಲ್ಲ ಅಂದ್ರೆ ಒಂದ್ನಾದ್ರೂ ನಿಲ್ಸಪ್ಪ, ಚಿಕ್ಕೋಳ್ದು ಐದು ತಿಂಗ್ಳು ತುಂಬದೆ, ದೊಡ್ಡೋಳ್ದು ಇನ್ನೂ ಪಿಂಡ, ಅದ್ನ ನಿಂಗೇ ಬುಟ್ಟೆ ಅಂದೆ. ಅವ್ನು ತಕ್ಕಂಡ. ನಾಕು ದಿನುಕ್ಕೆ ತಕ್ಕಂಡ.”

ಗಂಜಿಯ ಬಟ್ಟಲು ಕೈಯಲ್ಲೇ ಇತ್ತು. ವರ್ಷ ವರ್ಷ ನಾನು ಹೊತ್ತ ಬೆಲ್ಲ ಯಾವುದಕ್ಕೆ ಸಲ್ಲಿಸಿದ ಕೃತಜ್ಞತೆ ಅಂತ ಆಗ ಗೊತ್ತಾಯಿತು. ನನ್ನ ಕೂಸು ಸತ್ತದ್ದಕ್ಕೆ ನಾನೇ ಸಿಹಿ ತಿಂದಿದ್ದೆ.

“ನಂದಲ್ಲದ್ದ ಬುಟ್ಟೆ ಕಣವ್ವ ನಾನು” ಅಂದರು. “ಅದು ಸಲ್ಲಾಕಿಲ್ಲ. ಈಗ ಕೂಸ್ನ ಒಟ್ಟೆಗೆ ಬಂದದೆ. ಒಂದೇ ಒಂದ್ಸಲ ನಿನ್ ಬಾಯಲ್ಲಿ ಬುಟ್ಟೆ ಅನ್ನವ್ವ.”

ನಮ್ಮ ಕಡೆ ದೇವರಿಗೆ ಬಸವನನ್ನು ಬಿಡುವಾಗ ಕರುವಿನ ಬೆನ್ನಿನ ಮೇಲೆ ಅದರ ಒಡೆಯನೇ ಕೈಯಿಟ್ಟು ‘ಬಿಟ್ಟೆ’ ಅನ್ನಬೇಕು. ಹಾಗೆ ಅನ್ನದಿದ್ದರೆ ಅದು ಬಿಟ್ಟದ್ದಲ್ಲ, ಕದ್ದು ಒಪ್ಪಿಸಿದ್ದು. ಕದ್ದದ್ದನ್ನು ದೇವರು ಎಂದಾದರೂ ಬಡ್ಡಿ ಸಮೇತ ವಾಪಸ್ಸು ಕೇಳುತ್ತಾನೆ ಅನ್ನುವುದು ಅತ್ತೆಯ ಭಯ.

“ನಾನು ಬಿಡ್ಲಿಲ್ಲ ಅತ್ತೆ. ನೀವು ಕಿತ್ಕೊಂಡ್ರಿ.”

“ಊ ಕಣವ್ವ. ಅದ್ಕೇ ಕೇಳ್ತಿರೋದು.”

ಗ್ರಹಣದ ದಿನ ಊಟ ಮಾಡಿದರೆ ಏನೂ ಆಗುವುದಿಲ್ಲ ಅಂತ ಮಕ್ಕಳಿಗೆ ಪಾಠ ಹೇಳುವವಳು ನಾನು. ಹರಕೆಯಿಂದ ಬಸುರು ನಿಲ್ಲುವುದೂ ಇಲ್ಲ, ಹೋಗುವುದೂ ಇಲ್ಲ ಅಂತ ನನಗೆ ಗೊತ್ತು. ನಂಬಿಕೆಯೇ ಇಲ್ಲದ ಮೇಲೆ ಎರಡಕ್ಷರದ ಮಾತು ಹೇಳಿ ಮುದುಕಿಯನ್ನು ಸಮಾಧಾನ ಮಾಡಬಹುದಿತ್ತು. ನನ್ನ ಗಂಟೇನೂ ಹೋಗುತ್ತಿರಲಿಲ್ಲ. ನಾನು ಹೇಳಲಿಲ್ಲ. ಗಂಜಿ ಆರುತ್ತೆ ಕುಡೀರಿ ಅಂದೆ.

ಆಮೇಲೆ ಅವರು ಹತ್ತೊಂಬತ್ತು ದಿನ ಬದುಕಿದರು. ಶಾಲೆಗೆ ರಜೆ ಹಾಕಿ ನಾನೇ ನೋಡಿಕೊಂಡೆ. ಮೈ ಒರೆಸಿದೆ, ಮಗ್ಗುಲು ಬದಲಾಯಿಸಿದೆ, ತಲೆ ಬಾಚಿದೆ. ಸೊಸೆ ಅಂದರೆ ಇವಳು ಅಂತ ಬಂದವರೆಲ್ಲ ಹೊಗಳಿ ಹೋದರು. ಅವರು ಹೋದ ಕೂಡಲೇ ಅತ್ತೆಯ ತುಟಿ ಅಲ್ಲಾಡುತ್ತಿತ್ತು, “ಅನ್ನವ್ವ.” ನಾನು ಆ ಮಾತು ತಪ್ಪಿಯೂ ಬಾಯಿಗೆ ಬರದ ಹಾಗೆ ನೋಡಿಕೊಂಡೆ. ಗಿಡಕ್ಕೆ ನೀರು ಹಾಕಿದೆ ಅಂದೆ, ಕರುವನ್ನು ಹಾಲಿಗೆ ಬಿಚ್ಚಿದೆ ಅಂದೆ. ಒಂದು ದಿನ ನನ್ನ ಗಂಡ ಹೊರಗಿನಿಂದ ಬಂದು, “ಕೆಳಗ್ಲ ಗದ್ದೆಗೆ ನೀರು ಬುಟ್ಟೆ” ಅಂದ. ಅತ್ತೆ ಗಕ್ಕನೆ ಕಣ್ಣು ಬಿಟ್ಟು ನನ್ನ ಮುಖ ಹುಡುಕಿದರು.

“ನಾನಲ್ಲ ಅತ್ತೆ, ನಿಮ್ಮ ಮಗ” ಅಂದೆ.

ಅವರ ಮುಖ ಬಾಡಿದ್ದು ನೋಡಿ ನನಗೆ ಸಮಾಧಾನವಾಯಿತು. ಹೀಗೆ ಬರೆಯಲು ನಾಚಿಕೆಯಾಗಬೇಕು, ಆಗುತ್ತಿಲ್ಲ.

ಕೊನೆಯ ದಿನ ಬೆಳಿಗ್ಗೆ ಮೇಲುಸಿರು ಹತ್ತಿತು. ಎಲ್ಲರೂ ಒಬ್ಬೊಬ್ಬರಾಗಿ ತುಳಸಿ ಎಲೆಯಲ್ಲಿ ಬಾಯಿಗೆ ನೀರು ಬಿಟ್ಟರು. ಕೊನೆಯ ಸರದಿ ನನ್ನದು. ಕಣ್ಣು ತೆರೆದೇ ಇತ್ತು, ನನ್ನ ಬಾಯಿಯನ್ನೇ ನೋಡುತ್ತಿತ್ತು. ಗಂಟಲಲ್ಲಿ ನೀರು ಇಳಿದದ್ದು ಕಾಣಿಸಿತು. ಹಿಂದಿನಿಂದ ಓರಗಿತ್ತಿ ಅಳುತ್ತಾ ಕೇಳಿದಳು.

“ಅಕ್ಕ, ನೀರು ಬುಟ್ಯಾ?”

ನಾನು ತಲೆಯಾಡಿಸಿದೆ. ತುಟಿ ಬಿಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಅತ್ತೆ ಹೋದರು. ಕಣ್ಣು ಮುಚ್ಚಿಸಿದ್ದೂ ನಾನೇ.

ಕೂಸಿಗೆ ಹೆರಿಗೆ ನೋವು ಬಂದದ್ದು ಅತ್ತೆ ಹೋಗಿ ನಾಲ್ಕು ತಿಂಗಳ ಮೇಲೆ. ಮೈಸೂರಿಗೆ ಕರೆದುಕೊಂಡು ಹೋಗಿದ್ದೆವು. ಓರಗಿತ್ತಿಯೂ ಅಳಿಯನೂ ಔಷಧಿ ತರಲು ಕೆಳಗಿಳಿದಿದ್ದರು, ಹೆರಿಗೆ ಕೋಣೆಯ ಹೊರಗಿನ ಬೆಂಚಿನ ಮೇಲೆ ನಾನೊಬ್ಬಳೇ. ಪಕ್ಕದಲ್ಲಿ ಯಾವುದೋ ಹಳ್ಳಿಯ ಹೆಂಗಸು, ಅವಳ ಮಗಳೂ ಒಳಗಿದ್ದಳು. ನಾನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಂತ ತಿಳಿದು ತನ್ನ ಡಬ್ಬಿಯ ಇಡ್ಲಿಯಲ್ಲಿ ಎರಡು ನನಗೆ ಕೊಟ್ಟಿದ್ದಳು. ಹನ್ನೊಂದು ಗಂಟೆಯ ಹೊತ್ತಿಗೆ ನರ್ಸ್ ಬಾಗಿಲು ತೆಗೆದು, “ಒಂದು ಮಗು ಸೀರಿಯಸ್ ಇದೆ, ಡಾಕ್ಟ್ರು ಬಂದು ಹೇಳ್ತಾರೆ” ಅಂದವಳೇ, ಯಾರದು ಅಂತ ಹೇಳದೆ ಓಡಿದಳು.

ಆ ಹೆಂಗಸು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಕೈ ಬಿಡಿಸಿಕೊಂಡೆ. ಅವಳದಾಗಲಿ, ನಮ್ಮದು ಬೇಡ ಅಂತ ಮನಸ್ಸು ಒಂದೇ ಸಮನೆ ಬೇಡುತ್ತಿತ್ತು. ಆಗ ನನ್ನ ಬಾಯಿಂದ ಜೋರಾಗಿಯೇ ಬಂತು: “ಬಿಟ್ಟೆ.”

ಯಾವುದನ್ನು ಬಿಟ್ಟೆ, ನಾನು ಎಂದೋ ಕಳೆದುಕೊಂಡ ಕೂಸನ್ನೋ, ಪಕ್ಕದಲ್ಲಿ ಕೂತವಳ ಮಗಳದ್ದನ್ನೋ, ಹೇಳಿದ ನನಗೇ ಗೊತ್ತಿರಲಿಲ್ಲ. “ಏನಕ್ಕ?” ಅಂತ ಅವಳು ಕೇಳಿದಳು. ಏನಿಲ್ಲ ಅಂದೆ.

ಇನ್ನೊಂದು ಸ್ವಲ್ಪ ಹೊತ್ತಿಗೆ ನಮ್ಮ ಹುಡುಗಿಯ ಹೆಸರು ಕೂಗಿದರು. ಹೆಣ್ಣು ಮಗು, ಇಬ್ಬರೂ ಆರೋಗ್ಯವಾಗಿದ್ದಾರೆ, ಅಪ್ಪನಿಗೆ ತೋರಿಸಿ ಬೇಗ ತನ್ನಿ ಅಂತ ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. ಅಳಿಯ ಕಾರಿಡಾರಿನ ಆ ತುದಿಯಿಂದ ಓಡಿ ಬರುತ್ತಿದ್ದ. ಅಲ್ಲಿಗೆ ಹೋಗಬೇಕಾದರೆ ಬೆಂಚು ದಾಟಬೇಕು. ಆ ಹೆಂಗಸಿಗೆ ಇನ್ನೂ ಯಾರೂ ಏನೂ ಹೇಳಿರಲಿಲ್ಲ. ಆದರೂ ಎದ್ದು ನಿಂತು, ಕಣ್ಣೊರೆಸಿಕೊಂಡು, “ಎಲ್ಲಕ್ಕ, ವಸಿ ತೋರ್ಸಿ, ಲಕ್ಷ್ಮಿ ಬಂದವ್ಳೆ” ಅಂತ ನಗುತ್ತಾ ಹತ್ತಿರ ಬಂದಳು. ನಾನು ಮಗುವಿನ ಮುಖದ ಮೇಲೆ ಬಟ್ಟೆ ಎಳೆದು, ಅವಳ ಕಡೆ ನೋಡದೆ ಬೇಗ ಬೇಗ ನಡೆದೆ.