ಮೂರು ಬೆರಳಿನ ಪಟ್ಟಿ

ಕಳೆದ ಭಾನುವಾರ ಕೊಪ್ಪಳದ ನಮ್ಮ ಮನೆಗೆ ಗೇಟು ಕೂಡಿಸಲು ವೆಲ್ಡಿಂಗಿನವರು ಬಂದಿದ್ದರು. ಗೇಟಿಗೆ ಹಿಂದಿನ ದಿನವಷ್ಟೇ ರೆಡ್ ಆಕ್ಸೈಡ್ ಬಳಿದಿದ್ದರು. ಗಾಡಿಯಿಂದ ಇಳಿಸುವಾಗ ಆ ಕೆಂಪು ಬಣ್ಣದ ವಾಸನೆ ಒಮ್ಮೆಲೇ ಮೂಗಿಗೆ ಬಡಿಯಿತು. ಚಹಾದ ಕಪ್ಪು ಹಿಡಿದುಕೊಂಡು ಅಂಗಳದಲ್ಲೇ ನಿಂತುಬಿಟ್ಟೆ. ಗೇಟನ್ನು ಕಂಬಕ್ಕೆ ಹಿಡಿದು ನೋಡಿದವನು ತಲೆ ಕೆರೆದುಕೊಂಡ.

“ಮೇಡಂ, ಎರಡು ಬೆರಳು ಕಮ್ಮಿ ಬಿದ್ದೈತ್ರಿ. ಅಳತಿ ಎಲ್ಲೋ ತಪ್ಪೈತಿ.”

ಸಿಟ್ಟು ಬರಬೇಕಿತ್ತು, ನಗು ಬಂತು. ಆ ವಾಸನೆ, ಈ ಬೆರಳಿನ ಮಾತು ಎರಡೂ ಕೂಡಿ ನನ್ನನ್ನು ಸೀದಾ ಟ್ರಾಲಿ ಕಾಕಾನ ಶೆಡ್ಡಿಗೆ ಕರೆದುಕೊಂಡು ಹೋಗಿದ್ದವು...

ಗಂಗಾವತಿಯಿಂದ ಸಿದ್ದಾಪುರದ ಕಡೆ ಹೋಗುವ ರಸ್ತೆಗೆ ಹತ್ತಿ ನಮ್ಮ ಓಣಿ ಇತ್ತು. ನಮ್ಮ ಮನೆಯ ಎದುರಿಗೇ ಕಾಕಾನ ತಗಡಿನ ಶೆಡ್ಡು. ಅವನು ನಮಗೆ ಬಳಗವಲ್ಲ. ಟ್ರ್ಯಾಕ್ಟರಿಗೆ ಟ್ರಾಲಿ ಮಾಡುವ ಎದುರುಮನೆಯವನು, ಅಷ್ಟೆ. ಅಪ್ಪ, ಅವ್ವ ಇಬ್ಬರೂ ಭತ್ತದ ಗದ್ದೆಗೆ ಕೂಲಿ ಹೋಗುವವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿನವಳು ನಾನು. ಗಂಗಾವತಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಬಸ್ಸು ಒಂದೇ ಇತ್ತು, ಅದು ನಮ್ಮ ಓಣಿಯ ಮುಂದೆ ನಿಲ್ಲುತ್ತಿರಲಿಲ್ಲ. ಮೊದಲ ವಾರ ಮೂರು ದಿನ ಬಸ್ಸು ನನ್ನ ಕಣ್ಣ ಮುಂದೆಯೇ ಹೋಯಿತು. ನಾಲ್ಕನೇ ದಿನ ಕಾಕಾ ಶೆಡ್ಡಿನಿಂದ ತನ್ನ ಗಜ ತಂದು ರಸ್ತೆಗೆ ಅಡ್ಡ ಚಾಚಿ ನಿಂತ. ಗಜ ಅಂದರೆ ಅವನು ಅಳತೆಗೆ ಇಟ್ಟುಕೊಂಡಿದ್ದ ಕಬ್ಬಿಣದ ಸರಳು, ನೆಟ್ಟಗೆ ಹಿಡಿದರೆ ನನ್ನ ಎದೆಮಟ್ಟ ಬರುತ್ತಿತ್ತು. ಬಸ್ಸು ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಬೈಯತೊಡಗಿದ.

“ಬೈರಿ ಬೈರಿ,” ಅಂದ ಕಾಕಾ. “ಹುಡುಗಿ ಹತ್ತೂತನಕ ಬೈತಾ ಇರ್ರಿ.”

ಮೂರನೇ ವರ್ಷದ ಹೊತ್ತಿಗೆ ಡ್ರೈವರೇ ತಾನಾಗಿ ಬ್ರೇಕ್ ಹಾಕುತ್ತಿದ್ದ. ಆದರೂ ಕಾಕಾ ಗಜ ಹಿಡಿದು ಬರುವುದನ್ನು ಬಿಡಲಿಲ್ಲ. ನಾನು ಬಿ.ಕಾಂ. ಮಾಡಿದ್ದು ನನ್ನ ಕಷ್ಟದಿಂದ, ಅದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಆದರೆ ಅದರಲ್ಲಿ ಆ ಗಜದ ಪಾಲೂ ಇದೆ.

ಆ ಗಜ ಅವನಿಗೆ ಬರೇ ಸರಳಾಗಿರಲಿಲ್ಲ. ಗಂಗಾವತಿಯಲ್ಲಿ ಅವನಿಗೆ ಕೆಲಸ ಕಲಿಸಿದ ಉಸ್ತಾದನ ಗಜಕ್ಕೆ ಹಚ್ಚಿ ಕತ್ತರಿಸಿಕೊಂಡ ಸರಳು ಅದು. ಉಸ್ತಾದ ತೀರಿಕೊಂಡ, ಅವನ ಗಜ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಶೆಡ್ಡಿನ ಮೊಳೆಗೆ ಒಂದು ಟೇಪು ಜೋತುಬಿದ್ದಿರುತ್ತಿತ್ತು, ಕಾಕಾ ಅದನ್ನು ಮುಟ್ಟುತ್ತಿರಲಿಲ್ಲ. “ಟೇಪ್ ನಡಕ ಜೋತ ಬೀಳತೈತಿ, ಕಬ್ಬಿಣ ಬೀಳೂದಿಲ್ಲ,” ಅನ್ನುತ್ತಿದ್ದ.

ಸಿದ್ದಾಪುರದಲ್ಲಿ ಇನ್ನೊಬ್ಬ ಟ್ರಾಲಿ ಮೇಸ್ತ್ರಿ ಇದ್ದ. ಅವನೂ ಅದೇ ಉಸ್ತಾದನ ಕೈಕೆಳಗೆ ಕಲಿತವನು, ಅವನ ಹತ್ತಿರವೂ ಒಂದು ಗಜ ಇತ್ತು. ಉಸ್ತಾದನ ಖರೇ ಶಿಷ್ಯ ಯಾರು ಅನ್ನುವುದೇ ಇಬ್ಬರ ಜಗಳ. ಮಾತು ಬಿಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು. ಮದುವೆ ಊಟದಲ್ಲಿ ಒಬ್ಬ ಕೂತ ಪಂಕ್ತಿಯಲ್ಲಿ ಇನ್ನೊಬ್ಬ ಕೂಡುತ್ತಿರಲಿಲ್ಲ. ಸಿದ್ದಾಪುರದ ಟ್ರಾಲಿ ಯಾವುದಾದರೂ ರಸ್ತೆಯ ಮೇಲೆ ಹಾದರೆ ಕಾಕಾ ಕೆಲಸ ನಿಲ್ಲಿಸಿ ಕಿವಿ ಕೊಡುತ್ತಿದ್ದ. “ಕೇಳಿಲ್ಲಿ ತಂಗಿ, ಹೆಂಗ ಅಳಾಕತ್ತೈತಿ. ಹೆತ್ತಾವನ್ನ ನೆನೆಸಿಕೊಂಡು ಅಳಾಕತ್ತೈತಿ.”

ನಾನು ಬಿ.ಕಾಂ. ಮುಗಿಸಿದ ವರ್ಷ ಎರಡೂ ಶೆಡ್ಡುಗಳು ತಣ್ಣಗಾಗಿದ್ದವು. ಶೋರೂಮಿನವರು ಟ್ರ್ಯಾಕ್ಟರಿನ ಬೆನ್ನಿಗೇ ಕಂಪನಿಯ ಟ್ರಾಲಿಯನ್ನೂ ಕಟ್ಟಿ ಕಳಿಸತೊಡಗಿದ್ದರು. ಕಾಕಾ ಕಿಟಕಿಗೆ ಕಬ್ಬಿಣದ ಜಾಳಿಗೆ ಮಾಡುತ್ತಿದ್ದ. ಸಿದ್ದಾಪುರದ ಮೇಸ್ತ್ರಿ ನೀರಿನ ಟ್ಯಾಂಕಿಗೆ ಸ್ಟ್ಯಾಂಡು ಮಾಡುತ್ತಿದ್ದಾನೆಂದು ಕೇಳಿದ್ದೆವು. ಅಂಥದರಲ್ಲಿ ಆಂಧ್ರದಿಂದ ಬಂದು ನೆಲೆಸಿದವರ ಪಕ್ಕದ ಕ್ಯಾಂಪಿನಿಂದ ದೊಡ್ಡ ರೈತರೊಬ್ಬರು ಸುಗ್ಗಿಗೆ ಮುಂಚೆ ಆರು ಟ್ರಾಲಿ ಬೇಕೆಂದು ಬಂದರು. ಮನೆಯಲ್ಲಿ ತೆಲುಗು ಆಡುವವರು, ನಮ್ಮ ಕೂಡ ಕನ್ನಡ. ಒಂದು ಶೆಡ್ಡಿನಿಂದ ಅಷ್ಟು ಬೇಗ ಆಗುವ ಕೆಲಸ ಅದಲ್ಲ.

“ನೀವಿಬ್ಬರೂ ಒಂದಾಗಿ ಮಾಡಿದರೆ ಕೊಡತೀನಿ,” ಅಂದರು ಅವರು. “ಮೊದಲು ಒಂದು ಮಾಡಿ ತೋರಿಸಿ. ಸರಿ ಬರಲಿಲ್ಲಾಂದ್ರೆ ಶೋರೂಮ್ ಇದ್ದೇ ಇದೆ.”

ಈ ಕೆಲಸ ತಪ್ಪಿದರೆ ಎರಡೂ ಶೆಡ್ಡಿಗೆ ಬೀಗ ಬೀಳುತ್ತದೆ ಅನ್ನುವುದು ಓಣಿಗೆಲ್ಲ ಗೊತ್ತಿತ್ತು. ಅವತ್ತು ಸಂಜೆ ಕಾಕಾ ನಮ್ಮ ಕಟ್ಟೆಗೆ ಬಂದು ಕೂತ.

“ತಂಗಿ, ನೀ ಓದಿದಾಕಿ. ಕೂಡಬೇಕೋ ಬ್ಯಾಡೋ, ಹೇಳಿಬಿಡು.”

ಇಡೀ ಓಣಿಯಲ್ಲಿ ನನ್ನ ಓದನ್ನು ನಂಬಿ ಒಂದು ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವನು. ನಾನು ಉಬ್ಬಿಹೋದೆ. ಪುಸ್ತಕದಲ್ಲಿ ಇದ್ದದ್ದನ್ನೆಲ್ಲ ಹೇಳಿದೆ. ಎರಡು ಕಡೆ ಎರಡು ವೆಲ್ಡಿಂಗ್ ಮಷೀನು, ಎರಡು ಗ್ಯಾಸ್ ಕಟರು ಯಾಕೆ, ಒಂದೇ ಸಂಸ್ಥೆಯಾಗಿ, ಒಂದೇ ಬೋರ್ಡು ಹಾಕಿ ಅಂದೆ. ಕಾಕಾ ಪೂರ್ತಿ ಕೇಳಿಸಿಕೊಂಡ.

“ಎಲ್ಲಾ ಬರೋಬ್ಬರಿ ಐತಿ. ನಿನ್ನ ಪುಸ್ತಕದಾಗ ಮಷೀನ್ ಭಾಳ ಅದಾವು. ಮನಸ್ಯಾರು ಎಲ್ಲೆರ ಅದಾರೇನು?”

ಆದರೂ ಮರುದಿನ ಗಂಗಾವತಿಗೆ ಹೋಗಿ ಬಾಂಡ್ ಪೇಪರ್ ತಂದು, ದುಂಡಗೆ ಕರಾರು ಬರೆದು ಇಟ್ಟೆ. ಬೇರೆ ದಾರಿ ಇಲ್ಲದೆ ಇಬ್ಬರೂ ಕೂಡಲು ಒಪ್ಪಿದರು, ಮೊದಲ ಟ್ರಾಲಿ ಸರಿ ಬಂದ ದಿನ ಸಹಿ ಹಾಕುವುದು ಅಂತಾಯಿತು. ಗಾಲಿ ಕೂಡುವ ಕೆಳಗಿನ ಚಾಸಿ ಕಾಕಾನ ಶೆಡ್ಡಿನಲ್ಲಿ, ಮಾಲು ತುಂಬುವ ಮೇಲಿನ ಡಬ್ಬಿ ಸಿದ್ದಾಪುರದಲ್ಲಿ. ಉದ್ದ ಮೂರು ಗಜ. ಆ ಮಾತನ್ನೂ ಇಬ್ಬರೂ ನೇರ ಆಡಲಿಲ್ಲ, ನನ್ನ ಮೂಲಕವೇ ಹೇಳಿ ಕಳಿಸಿದರು. ಗಜ ಅಂದರೆ ಗಜ. ಯಾರ ಗಜ ಅಂತ ಕೇಳಬೇಕೆಂದು ನನಗೂ ಹೊಳೆಯಲಿಲ್ಲ.

ಡಬ್ಬಿ ಬಂದ ದಿನ ಓಣಿಯ ಜನವೆಲ್ಲ ಶೆಡ್ಡಿನ ಮುಂದೆ ಇತ್ತು. ಡಬ್ಬಿಯ ಕೂಡ ಸಿದ್ದಾಪುರದ ಮೇಸ್ತ್ರಿಯೂ ತನ್ನ ಗಜ ಹಿಡಿದು ಬಂದಿದ್ದ, ಕ್ಯಾಂಪಿನ ರೈತರೂ ಬಂದಿದ್ದರು. ಚೈನ್ ಪುಲ್ಲಿಯಿಂದ ಎತ್ತಿ ಚಾಸಿಯ ಮೇಲೆ ಇಳಿಸಿದರು. ಮುಂದಿನ ಅಂಚು ಸರಿಯಾಗಿ ಕೂತಿತು. ಹಿಂದೆ ಹೋಗಿ ನೋಡಿದರೆ ಚಾಸಿ ಮೂರು ಬೆರಳು ಹೊರಗೆ ಚಾಚಿಕೊಂಡಿತ್ತು.

ನಾನೇ ಎರಡೂ ಗಜ ತಂದು ಪಕ್ಕಪಕ್ಕ ಹಿಡಿದೆ. ಸಿದ್ದಾಪುರದ್ದು ಕಾಕಾನದ್ದಕ್ಕಿಂತ ಒಂದು ಬೆರಳು ಗಿಡ್ಡ ಇತ್ತು.

“ನಿನ್ನ ಗಜ ಮೊದಲಿಂದನೂ ಉದ್ದ,” ಅಂದ ಸಿದ್ದಾಪುರದ ಮೇಸ್ತ್ರಿ. “ನಾಲಿಗಿ ಇದ್ದಂಗ.”

ಇಪ್ಪತ್ತು ವರ್ಷದ ಮೇಲೆ ಅವನು ಕಾಕಾನ ಕೂಡ ಆಡಿದ ಮೊದಲ ಮಾತು ಅದು.

“ನಿಂದು ಗಿಡ್ಡ,” ಅಂದ ಕಾಕಾ. “ಮನಸ ಇದ್ದಂಗ.”

ಜನ ನಕ್ಕರು, ಕ್ಯಾಂಪಿನ ರೈತರು ನಗಲಿಲ್ಲ. ಅವರು ಕೈಗಡಿಯಾರ ನೋಡಿಕೊಂಡರು. ಮುಂದಿನ ಐದಕ್ಕೆ ಅಳತೆ ಒಂದಾಗಲೇಬೇಕಿತ್ತು. ಗಿಡ್ಡ ಸರಳನ್ನು ಎಳೆದು ಉದ್ದ ಮಾಡಲು ಆಗುವುದಿಲ್ಲ, ಉದ್ದದ್ದನ್ನು ಕಡಿಯಬಹುದು. ಎಲ್ಲರ ಕಣ್ಣೂ ಕಾಕಾನ ಮೇಲೆ ಬಿತ್ತು. ಅವನು ನನ್ನ ಕೈಯಿಂದ ಗಜ ಇಸಿದುಕೊಂಡ. ಅದರ ತುದಿಯನ್ನು ಹೆಬ್ಬೆರಳಿನಿಂದ ಒಮ್ಮೆ ಒರೆಸಿದ. ನನಗೆ ಆ ಬಸ್ಸು ನೆನಪಾಯಿತು, ಬೇಡ ಅನ್ನಬೇಕೆನಿಸಿತು... ಆದರೆ ಕೂಡಿರಿ ಅಂದವಳು ನಾನೇ. ಕಾಕಾ ಗಜವನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲಿಟ್ಟು ಗ್ಯಾಸ್ ಕಟರ್ ಹೊತ್ತಿಸಿದ.

“ಏ, ನಿಲ್ಲು,” ಅಂದ ಸಿದ್ದಾಪುರದ ಮೇಸ್ತ್ರಿ. “ಕಡೀಬ್ಯಾಡ.”

ಕಾಕಾ ತಲೆ ಎತ್ತಿದ.

“ನಿಂದ ಖರೇ ಗಜ. ನಿನಗ ಉಸ್ತಾದ ತಾನ ಹಿಡದು ಕೊಟ್ಟಾನ. ನನಗ ಕೊಡಲಿಲ್ಲ, ಇನ್ನಾ ಕಲಿ ಅಂದ. ಅವ ಊಟಕ್ಕ ಹೋದಾಗ ನಾ ದಾರ ಜಗ್ಗಿ ಹಿಡದು ಅಳತಿ ತಗೊಂಡೆ. ಮನಿಗಿ ಬಂದು ಅದ ದಾರದ್ಲೆ ಸರಳು ಕಡದೆ.”

ಜಗ್ಗಿ ಹಿಡಿದ ದಾರ ಬಿಟ್ಟ ಮೇಲೆ ಒಂದು ಬೆರಳು ಒಳಗೆ ಬಂದಿತ್ತು. ಆ ಒಂದು ಬೆರಳಿನ ಮೇಲೆ ಆ ಮನುಷ್ಯ ಅಷ್ಟು ವರ್ಷ ಟ್ರಾಲಿ ಮಾಡಿದ್ದ, ಅಷ್ಟು ವರ್ಷ ಜಗಳವನ್ನೂ ಆಡಿದ್ದ. ಅಷ್ಟು ಜನರ ಮುಂದೆ ಹೇಳಿ ಅವನು ಕೆಳಗೆ ನೋಡುತ್ತಾ ನಿಂತ.

ಕಾಕಾನಿಗೆ ಗೆದ್ದೆ ಅನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಬರುತ್ತಿರಲಿಲ್ಲ. ಅವನು ಕಟರ್ ಆರಿಸಿದ. “ನೂಲಿನ ದಾರ ಏನು?” ಅಂತ ಕೇಳಿದ.

“ಹೂಂ.”

“ನೂಲು ಅಂದ್ರ ಹಂಗ ಆಗತೈತಿ,” ಅಂದ. ಅಷ್ಟೇ.

ಮೂಲೆಯಿಂದ ಒಂದು ಕಬ್ಬಿಣದ ಪಟ್ಟಿ ಹುಡುಕಿ ತಂದು, ಡಬ್ಬಿಯ ಹಿಂದೆ ಚಾಚಿಕೊಂಡಿದ್ದ ಚಾಸಿಯ ಮೇಲೆ ಅಡ್ಡಲಾಗಿ ಇಟ್ಟು, ಡಬ್ಬಿಗೂ ಚಾಸಿಗೂ ಸೇರಿಸಿ ಬೆಸೆದ. ಮೂರು ಬೆರಳು ಅಗಲ. ರೆಡ್ ಆಕ್ಸೈಡ್ ಬಳಿದ. ಅಲ್ಲಿ ನಿಂತಿದ್ದ ಹಮಾಲ ಒಬ್ಬ ಆ ಪಟ್ಟಿಯ ಮೇಲೆ ಪಾದದ ಮುಂಭಾಗ ಊರಿ ಟ್ರಾಲಿ ಹತ್ತಿ ಇಳಿದು ನೋಡಿದ. “ಇದು ಭಾಳ ಛಲೋ ಆತು ನೋಡ್ರಿ. ಚೀಲ ಹೊತ್ತಾಗ ಕಾಲಿಗೆ ಜಾಗ ಆತು,” ಅಂದ. ಕ್ಯಾಂಪಿನ ರೈತರು ಆಗ ನಕ್ಕರು. ಉಳಿದ ಐದಕ್ಕೂ ಹೀಗೇ ಪಟ್ಟಿ ಇರಲಿ ಅಂದು ಹೋದರು.

ಮುಂದೆ ಅವರಿಬ್ಬರೂ ಕೂಡಿ ಎಷ್ಟೋ ವರ್ಷ ಟ್ರಾಲಿ ಮಾಡಿದರು. ಶೆಡ್ಡು ಎರಡೇ ಉಳಿದವು, ಬೋರ್ಡೂ ಎರಡೇ, ಗಜವೂ ಎರಡೇ. ಚಾಸಿ ಇವನದು, ಡಬ್ಬಿ ಅವನದು, ನಡುವೆ ಪಟ್ಟಿ. ನನ್ನ ಕರಾರಿಗೆ ಸಹಿ ಬೀಳಲಿಲ್ಲ. ಮೊದಲ ಟ್ರಾಲಿ ಆದ ದಿನ ಅದರ ಮೇಲೆಯೇ ಮಿರ್ಚಿ ಭಜಿ ಇಟ್ಟುಕೊಂಡು ತಿಂದರು, ಬಾಂಡ್ ಪೇಪರ್ ಆದ್ದರಿಂದ ಎಣ್ಣೆ ಸೋರಲಿಲ್ಲ ಅಂತ ಕಾಕಾ ನನ್ನ ಓದನ್ನು ಹೊಗಳಿದ.

ನನಗೆ ನೌಕರಿ ಸಿಕ್ಕು ಕೊಪ್ಪಳಕ್ಕೆ ಬಂದೆ. ಈಗ ಪಿಯು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಕಾಕಾ ತೀರಿಕೊಂಡ ದಿನ ಪರೀಕ್ಷೆಯ ಕೆಲಸದಲ್ಲಿದ್ದೆ, ಮಣ್ಣಿಗೆ ಹೋಗಲು ಆಗಲಿಲ್ಲ. ಅದೊಂದು ಇವತ್ತಿಗೂ ಒಳಗೆ ಚುಚ್ಚುತ್ತದೆ... ಆಮೇಲೆ ಹೋದಾಗ ಶೆಡ್ಡು ಮುಚ್ಚಿತ್ತು. ಕಾಕಾನ ಹೆಂಡತಿ ಕಾಕು ಹಿಂಬಾಗಿಲಿಗೆ ಆ ಗಜವನ್ನೇ ಅಗಳಿ ಮಾಡಿಕೊಂಡಿದ್ದಳು. “ನಿಮ್ಮ ಕಾಕಾನ ಗಜ ಅಂತೂ ಮನ್ಯಾಗ ನಿಂತು ಒಂದು ಕೆಲಸಕ್ಕ ಬಂತು ನೋಡವ್ವ,” ಅಂತ ನಕ್ಕಳು, ಕಣ್ಣು ಒರೆಸಿಕೊಂಡಳು. ಸಿದ್ದಾಪುರದ ಮೇಸ್ತ್ರಿ ಈಗ ಚಾಸಿಯನ್ನೂ ತಾನೇ ಮಾಡುತ್ತಾನೆ. ಅಳತೆ ಒಂದೇ ಆದ ಮೇಲೆ ಪಟ್ಟಿ ಬೇಕಿಲ್ಲ. ಆದರೂ ಚಾಸಿಯನ್ನು ಮೂರು ಬೆರಳು ಉದ್ದ ಬಿಟ್ಟೇ ಮಾಡುತ್ತಾನೆ.

ಮೊನ್ನೆ ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಪೇಪರಿನ ಸುದ್ದಿ ಹೇಳಿ ಕೇಳಿದಳು. ನಷ್ಟದಲ್ಲಿರುವ ಎರಡು ಕಾರು ಕಂಪನಿಗಳು, ಒಂದಕ್ಕೊಂದು ಎದುರಾಳಿಗಳು, ಈಗ ಒಂದಾಗಲು ಹೊರಟಿವೆಯಂತೆ. “ಕೂಡಬೇಕೇನ್ರಿ ಮೇಡಂ, ಬ್ಯಾಡ್ರಿ?” ಪರೀಕ್ಷೆಗೆ ಬರೆಯುವ ಉತ್ತರವನ್ನು ಹೇಳಿದೆ, ಅದು ನನ್ನ ಕೆಲಸ. ಬಿಡುವಾದ ಮೇಲೆ ಅವಳನ್ನು ಕರೆದು ಇಬ್ಬರು ಮೇಸ್ತ್ರಿಗಳ ಈ ಕತೆಯನ್ನೂ ಹೇಳಿದೆ.

ಇತ್ತ ಅಂಗಳದಲ್ಲಿ ಗೇಟಿನವನು ಇನ್ನೂ ಕಾಯುತ್ತಾ ನಿಂತಿದ್ದ. “ಹೊಳ್ಳಿ ಒಯ್ದು ಹೊಸಾದು ಮಾಡಕೊಂಡು ಬರ್ಲೇನ್ರಿ?”

“ಬ್ಯಾಡಪ್ಪ,” ಅಂದೆ. “ಎರಡು ಬೆರಳಿನ ಪಟ್ಟಿ ಹಾಕಿ ಬೆಸಿ.”

ಅವನು ಬೆಸೆದು, ಬಣ್ಣ ಬಳಿದು ಹೋದ. ಸಂಜೆಯವರೆಗೂ ಅಂಗಳದ ತುಂಬ ಆ ವಾಸನೆ ಇತ್ತು. ಇದನ್ನು ಒಬ್ಬ ಮನುಷ್ಯನಿಗೆ ಹೋಗಿ ಹೇಳಬೇಕಿತ್ತು, ಅವನು ಕೇಳಿ ಒಂದು ಚುಚ್ಚುಮಾತು ಆಡಬೇಕಿತ್ತು... ಅದಿಲ್ಲ. ಗೇಟು ಮಾತ್ರ ಸರಿಯಾಗಿ ಕೂತಿದೆ.