ಭಾವಮೈದ ಬಿಡಿಸಿದ ಉಸಿರು

ಟರ್ಬೊ ಕೂರಿಸಿ ಬಲ ಹೆಚ್ಚಿಸಿದ ನನ್ನ ಕಾರಿನ ಎಂಜಿನ್ನು ಸೋರಿಕೆ ತಡೆಯಲು ನಾನು ಹಾಕಿದ ಮೂರನೆಯ ಆಯಿಲ್ ಸೀಲನ್ನೂ ದಾಟಿ ಎಣ್ಣೆ ಕಕ್ಕಿದ ದಿನವೇ, ಕ್ಯಾತನಹಳ್ಳಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಭಾವಮೈದ ನಮ್ಮ ಮನೆಗೆ ಬಂದ. ಇಪ್ಪತ್ತು ವರ್ಷದಿಂದ ಪಾಂಡವಪುರದಲ್ಲಿ ಕಾರು ಮೆಕ್ಯಾನಿಕ್ಕಾಗಿರುವ ನಾನು ಅದಕ್ಕೆ ತಕ್ಕ ಗಾಂಭೀರ್ಯದಿಂದ ನಾಲ್ಕನೆಯ ಸೀಲು ಹುಡುಕುತ್ತಿದ್ದೆ. ಅವನು ಎಂಜಿನ್ ಓಡಿಸಿ, ಆಯಿಲ್ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿದ. ಒಳಗಿನ ಗಾಳಿ ಅವನ ಕೈಯನ್ನೇ ತಳ್ಳಿತು.

“ಸೀಲ್ದೇನೂ ತಪ್ಪಿಲ್ಲ ಬುಡಿ ಭಾವ. ಎದೆ ದೊಡ್ಡದು ಮಾಡ್ಬುಟ್ಟು ಮೂಗ್ನ ಅಂಗೇ ಬುಟ್ಟಿದ್ದೀರಿ. ಉಸ್ರು ಎತ್ಲಾಗೋಯ್ತದೆ?”

ಗಾಳಿ ಹೊರಹೋಗುವ ಸಣ್ಣ ಪೈಪು ಕಿತ್ತು ದಪ್ಪನೆಯದು ಹಾಕಿದ. ಜೊತೆಗೆ ಬರುವ ಎಣ್ಣೆ ಹಿಡಿಯಲು ಒಂದು ಡಬ್ಬಿ ಕೂರಿಸಿದ. ಸೋರಿಕೆ ನಿಂತಿತು. ಹೆಂಡತಿ ಕಾಫಿಯನ್ನು ಮೊದಲು ತಮ್ಮನಿಗೇ ಕೊಟ್ಟಳು.

ತಿಂಗಳಿಂದ ದಿನಾ ಬೆಳಗ್ಗೆ ಕಾರಿನಡಿ ಬಗ್ಗಿ ನೋಡುತ್ತಿದ್ದೇನೆ. ನನ್ನದೇ ಕಾರಾಗಿಯೂ ಅದು ನನ್ನ ಪರವಾಗಿ ಒಂದು ತೊಟ್ಟು ಎಣ್ಣೆಯನ್ನೂ ಸೋರಿಸಿಲ್ಲ.