ಒಂದು ದೀರ್ಘಕ್ಕೆ ಐದು ಸಾವಿರ ರೂಪಾಯಿ

ಅರಸೀಕೆರೆಯಲ್ಲಿ ಇನ್ನೂ ಆರು ಗಂಟೆ ಆಗಿಲ್ಲ. ಜುಲೈ ತಿಂಗಳ ತುಂತುರು ನಿಂತಿದೆಯೋ ಇಲ್ಲವೋ ಎಂದು ಅಂಗೈ ಚಾಚಿ ನೋಡಿ, ಅನುಸೂಯಮ್ಮ ಪಕ್ಕದ ಜಾನಕಮ್ಮನ ಟೀ ಅಂಗಡಿಯಿಂದ ತಮ್ಮ ಟೈಪ್‌ರೈಟರನ್ನು ಹೊರಗೆ ತರುತ್ತಾರೆ. ನೀರಿನ ಬಿಂದಿಗೆಯನ್ನು ಹೊತ್ತ ಹಾಗೆ ಅದನ್ನು ಸೊಂಟಕ್ಕೆ ಒತ್ತಿಕೊಂಡು ಬಂದು, ತಾಲ್ಲೂಕು ಕಚೇರಿಯ ಕಾಂಪೌಂಡಿಗೆ ತಾಗಿದ ಮೇಜಿನ ಮೇಲೆ ಇಳಿಸುತ್ತಾರೆ. ಎಡಕ್ಕೆ ಒಂದು ಕಟ್ಟು ಕಾಗದ, ಬಲಕ್ಕೆ ಒಂದು ಕಟ್ಟು. ಗಾಳಿಗೆ ಹಾರದಂತೆ ಎರಡರ ಮೇಲೂ ಒಂದೊಂದು ತೆಂಗಿನ ಕರಟ.

ಎಡಗಡೆಯದು ಹೋದ ಮಾರ್ಚಿಗೆ ಮುಗಿದ ವರ್ಷದ ಸಂಬಳದ ಲೆಕ್ಕ. ಅದರ ರಿಟರ್ನ್ಸ್ ಈ ತಿಂಗಳ ಕೊನೆಯೊಳಗೆ ಹೋಗಬೇಕು, ಅದಕ್ಕೆ ಹಳೇ ಕಾನೂನು. ಬಲಗಡೆಯದು ಈಗ ಕೈಗೆ ಬರುತ್ತಿರುವ ಸಂಬಳದಲ್ಲಿ ತಿಂಗಳಿಗೆ ಎಷ್ಟು ಹಿಡಿಯಬೇಕು ಎನ್ನುವ ಲೆಕ್ಕ, ಅದಕ್ಕೆ ಹೊಸ ಕಾನೂನು. ಒಂದೇ ಒಲೆಯ ಮೇಲೆ ಎರಡು ಪಾತ್ರೆ ಇಟ್ಟ ಹಾಗೆ. ಒಂದರ ಸೌಟು ಇನ್ನೊಂದಕ್ಕೆ ಹೋಗಬಾರದು.

ಮೊದಲ ಬಸ್ಸಿಳಿದ ಮೇಷ್ಟ್ರುಗಳು ಆಗಲೇ ಸಾಲುಗಟ್ಟಿದ್ದಾರೆ. ಬೆಲ್ಲು ಹೊಡೆಯುವ ಹೊತ್ತಿಗೆ ಅವರೆಲ್ಲ ತಂತಮ್ಮ ಶಾಲೆಯಲ್ಲಿರಬೇಕು. ಮುಂದೆ ನಿಂತವರು ಹೆಡ್‌ಮಾಸ್ಟರ್ ಚಿಕ್ಕಣ್ಣ, ದಪ್ಪ ಮೀಸೆಯ ಆಳು. ಅನುಸೂಯಮ್ಮ ಫಾರಂ ಏರಿಸಿ, ಕನ್ನಡಕದ ಮೇಲಿಂದ ಅವರನ್ನು ನೋಡುತ್ತಾರೆ.

“ಗಂಡಸು ಅಂತ ಹಾಕ್ಲಾ ಸಾರ್?”

“ಏನಮ್ಮಾ, ಮೀಸೆ ಕಾಣಲ್ವಾ ನಿಂಗೆ?”

“ಮೀಸೆ ಕಾಣ್ತೈತೆ ಸಾರ್. ನಿಮ್ಮ ಬಾಯಾಗೆ ಹೇಳಿ.”

“ಗಂಡಸು ಕಣಮ್ಮ, ಗಂಡಸು! ಬೇಕಾದ್ರೆ ಮನೇಲಿ ಕೇಳು.”

“ಮನೇಲಿ ಮಾತ್ರ ಕೇಳ್ಬೇಡಿ ಅನುಸೂಯಕ್ಕ, ಅಲ್ಲಿ ಬೇರೆ ಉತ್ತರ ಬಂದಾತು,” ಎಂದು ಹಿಂದಿನಿಂದ ಯಾರೋ ಅನ್ನುತ್ತಾರೆ. ಸಾಲು ನಗುತ್ತದೆ. ಚಿಕ್ಕಣ್ಣನವರೂ ನಗುತ್ತಾರೆ. ಅನುಸೂಯಮ್ಮ ಮಾತ್ರ ನಗುವುದಿಲ್ಲ. ಈ ಪ್ರಶ್ನೆಯನ್ನು ಅವರು ಈ ವರ್ಷದಿಂದ, ಅಂದರೆ ಎರಡು ಸಾವಿರದ ಐದರಿಂದ, ಬಂದವರಿಗೆಲ್ಲ ಕೇಳುತ್ತಿದ್ದಾರೆ. ಅದರ ಹಿಂದೆ ಒಂದು ತಪ್ಪಿದೆ. ತಪ್ಪು ಅವರದೇ.

ಅವರಿಗೀಗ ಐವತ್ತೆರಡು ವರ್ಷ. ಜಾವಗಲ್ ಹತ್ತಿರದ ಹಳ್ಳಿಯಲ್ಲಿ, ರಾಗಿ ಬೆಳೆಯುವ ಮನೆಯಲ್ಲಿ ಹುಟ್ಟಿದವರು. ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗ್ ಲೋಯರ್ ಪರೀಕ್ಷೆ ಪಾಸು ಮಾಡಿಕೊಂಡರು. ಮದುವೆಯಾದದ್ದು ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ದ್ಯಾವಯ್ಯನವರನ್ನು. ಎಂಬತ್ತಾರರಲ್ಲಿ ಲಾರಿಯಿಂದ ಮೂಟೆ ಜಾರಿ ದ್ಯಾವಯ್ಯನವರ ಸೊಂಟಕ್ಕೆ ಏಟಾಯಿತು. ಅಲ್ಲಿಂದ ಮನೆ ನಡೆದದ್ದು ಈ ಟೈಪ್‌ರೈಟರಿನ ಮೇಲೆ. ಮೊದಲೆಲ್ಲ ಅರ್ಜಿ, ಅಫಿಡವಿಟ್ಟು. ಆಮೇಲೆ ಸಂಬಳಗಳು ಏರಿ, ಮೇಷ್ಟ್ರಿಗೂ ರೈಲ್ವೆಯವರಿಗೂ ಆದಾಯ ತೆರಿಗೆ ತಟ್ಟಿತು. ‘ಸರಳ್’ ಎಂಬ ಹೆಸರಿನ ಫಾರಂ ಬಂತು.

“ಅದು ಸರಳವಾಗಿದ್ದಿದ್ರೆ ನಾನು ಉಪವಾಸ ಇರ್ಬೇಕಾಗಿತ್ತು ಕಣ್ರೀ,” ಅನ್ನುತ್ತಾರೆ. “ಹೆಸರಿಟ್ಟೋರ ಹೊಟ್ಟೆ ತಣ್ಣಗಿರ್ಲಿ.”

ಬಜೆಟ್ಟಿನ ಮಾರನೆಯ ದಿನ ಅವರು ಪೇಪರು ಕೊಂಡು, ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾ ಓದುತ್ತಾರೆ. ತಿಳಿಯದ್ದನ್ನು ಖಜಾನೆಯಿಂದ ನಿವೃತ್ತರಾದ ಹನುಮಂತಯ್ಯನವರ ಮನೆಗೆ ಹೋಗಿ ಕೇಳುತ್ತಾರೆ. ಆಮೇಲೆ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ರಟ್ಟಿಗೆ ಅಂಟಿಸಿ, ಕಾಂಪೌಂಡಿಗೆ ನೇತುಹಾಕುತ್ತಾರೆ. ‘ಹೋದದ್ದು’ ಒಂದು ಕಡೆ, ‘ಬಂದದ್ದು’ ಒಂದು ಕಡೆ. ಈ ಸಲದ ರಟ್ಟಿನ ಮೇಲೆ ಒಂದು ಚೀಟಿ ಹೆಚ್ಚಾಗಿದೆ. ಹೆಂಗಸರಿಗೆ ಒಂದು ಲಕ್ಷ ಇಪ್ಪತ್ತೈದು ಸಾವಿರದವರೆಗೆ ತೆರಿಗೆ ಇಲ್ಲ ಎಂದು ಮಾರ್ಚಿನಲ್ಲಿ ಬರೆದದ್ದು, ಮೇ ತಿಂಗಳಿಗೆ ಒಂದು ಲಕ್ಷ ಮೂವತ್ತೈದು ಸಾವಿರ ಆಯಿತು. ಹಳೆಯದರ ಮೇಲೆ ಹೊಸ ಚೀಟಿ ಅಂಟಿಸಿದ್ದಾರೆ.

ರಟ್ಟಿನ ಮುಂದೆ ನಿಂತವರ ಸಂಕಟ ಮುಗಿಯುವುದಿಲ್ಲ.

“ಸ್ಟ್ಯಾಂಡರ್ಡ್ ಡಿಡಕ್ಷನ್ ಹೋಯ್ತಂತಲ್ಲಕ್ಕ?”

“ಹೋಯ್ತು.”

“ಸಂಬಳದಾಗೆ ಬಿಡ್ತಿದ್ದ ಮೂವತ್ತು ಸಾವಿರಾನೂ?”

“ಅಷ್ಟೂ. ಆದ್ರೆ ನಿಮ್ಮ ಈ ಫಾರಂನಾಗೆ ಇನ್ನೂ ಬದುಕೈತೆ ಮೇಷ್ಟ್ರೆ. ಮುಂದಿನ ವರ್ಷದ ಫಾರಂನಾಗೆ ಇಲ್ಲ.”

“ಹಂಗಾದ್ರೆ ತಿಥಿ ಯಾವಾಗ?”

“ಬರೋ ಜುಲೈಗೆ. ಊಟಕ್ಕೆ ಬನ್ನಿ.”

ಜುಲೈನಲ್ಲಿ ದಿನಕ್ಕೆ ಇಪ್ಪತ್ತೈದು ಫಾರಂ ತುಂಬುತ್ತಾರೆ, ಕೊನೆಯ ವಾರದಲ್ಲಿ ನಲವತ್ತು. ಕಾಗದ, ಕಾರ್ಬನ್ ಎಲ್ಲ ಸೇರಿ ಹದಿನೈದು ರೂಪಾಯಿ, ಪೆನ್ಷನ್ನಿನವರಿಗೆ ಹತ್ತು. ಉಳಿದ ತಿಂಗಳುಗಳಲ್ಲಿ ದಿನಕ್ಕೆ ಅರವತ್ತೋ ಎಪ್ಪತ್ತೋ ರೂಪಾಯಿ ಹುಟ್ಟಿದರೆ ಪುಣ್ಯ. ತುಂಬಿದ ಪ್ರತಿ ಕಾಗದದ ಕಾರ್ಬನ್ ನಕಲನ್ನು ಕೊಬ್ಬರಿ ಚೀಲದಲ್ಲಿ ವರ್ಷದ ಚೀಟಿ ಕಟ್ಟಿ ಇಟ್ಟಿದ್ದಾರೆ. ಇಲಿ ಕಡಿಯದ ಹಾಗೆ ದ್ಯಾವಯ್ಯನವರು ಆ ಚೀಲಗಳನ್ನು ಕಾಯುತ್ತಾರೆ.

ತಪ್ಪು ನಡೆದದ್ದು ತೊಂಬತ್ತೊಂಬತ್ತರಲ್ಲಿ. ಜಾವಗಲ್ ಕಡೆಯ ಒಂದು ಶಾಲೆಯಿಂದ ಇಪ್ಪತ್ತೆರಡು ಮಂದಿಯ ಹೆಸರಿನ ಪಟ್ಟಿ ಬಂತು. ಎಲ್ಲರಿಗೂ ತೆರಿಗೆಯ ಕಾಯಂ ನಂಬರು, ಅಂದರೆ ಪ್ಯಾನ್ ಕಾರ್ಡು ಮಾಡಿಸಬೇಕಿತ್ತು. ಪಟ್ಟಿ ಇಂಗ್ಲಿಷಿನಲ್ಲಿತ್ತು. ಫೋಟೋ, ಸಹಿ ಎಲ್ಲ ಆಮೇಲೆ ಶಾಲೆಯಲ್ಲೇ ಆಗುವುದು. ಅದರಲ್ಲೊಂದು ಹೆಸರು ಯಶೋಧರಾ. ಕನ್ನಡದಲ್ಲಿ ಬರೆದರೆ ಕೊನೆಗೆ ದೀರ್ಘ ಇರುತ್ತದೆ, ಹೆಂಗಸು ಎಂದು ಗೊತ್ತಾಗುತ್ತದೆ. ದೀರ್ಘ ತೆಗೆದರೆ ಯಶೋಧರ, ಗಂಡಸಿನ ಹೆಸರು. ಇಂಗ್ಲಿಷಿನಲ್ಲಿ ಎರಡಕ್ಕೂ ಅವೇ ಅಕ್ಷರ.

“ನಂಗೆ ಏಳನೇ ಕ್ಲಾಸಲ್ಲಿ ಲೆಕ್ಕ ಹೇಳ್ಕೊಟ್ಟೋರು ಹಳೇಬೀಡಿನ ಬಸದಿ ಕಡೆ ಯಶೋಧರ ಮೇಷ್ಟ್ರು,” ಅನ್ನುತ್ತಾರೆ ಅನುಸೂಯಮ್ಮ. “ಆ ಹೆಸರು ಕಂಡ್ರೆ ನಂಗೆ ಅವರ ಪಂಚೆ, ಅವರ ಬೆತ್ತಾನೇ ಕಣ್ಮುಂದೆ ಬರೋದು. ಗಂಡಸು ಅನ್ನೋ ಚೌಕಕ್ಕೆ ಗುರುತು ಹಾಕ್ಬಿಟ್ಟೆ. ಹೆಂಗಸಾಗಿ ನಾನೇ ಇನ್ನೊಬ್ಬ ಹೆಂಗಸನ್ನ ಗಂಡಸು ಮಾಡ್ದೆ.”

ಸಹಿ ಹಾಕುವಾಗ ಆ ಸಣ್ಣ ಚೌಕವನ್ನು ಯಾರೂ ನೋಡಲಿಲ್ಲ. ಬಂದ ಕಾರ್ಡಿನಲ್ಲಿ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಇರುತ್ತದೆ. ಗಂಡು, ಹೆಣ್ಣು ಎಂದು ಇರುವುದಿಲ್ಲ. ಮಾರನೆಯ ವರ್ಷವೇ ಕಾನೂನು ಬದಲಾಗಿ, ಹೆಂಗಸರಿಗೆ ತೆರಿಗೆಯಲ್ಲಿ ಐದು ಸಾವಿರ ರೂಪಾಯಿ ಬಿಡುವುದು ಬಂತು. ಯಶೋಧರಾ ಟೀಚರಿಗೆ ಶಾಲೆಯವರು ವರ್ಷಾ ವರ್ಷ ಅದನ್ನು ಬಿಟ್ಟರು. ನಾಲ್ಕು ವರ್ಷ ಯಾರ ಕಣ್ಣಿಗೂ ಏನೂ ಬೀಳಲಿಲ್ಲ.

ಈ ಜನವರಿಯಲ್ಲಿ ಟೀಚರ ಹೆಸರಿಗೆ ಒಂದು ನೋಟಿಸು ಬಂತು. ಹೆಸರಿನ ಹಿಂದೆ ‘ಶ್ರೀ’. ನೀವು ದಾಖಲೆಯ ಪ್ರಕಾರ ಪುರುಷರು, ಹೆಂಗಸರ ರಿಯಾಯಿತಿ ನಿಮಗೆ ಸಲ್ಲದು, ಹೋದ ವರ್ಷದ ಐದು ಸಾವಿರವನ್ನು ಬಡ್ಡಿ ಸಮೇತ ಕಟ್ಟಿ, ಎಂದು. ಟೀಚರು ಅದನ್ನು ಹಿಡಿದುಕೊಂಡು ನೇರ ಈ ಮೇಜಿಗೆ ಬಂದರು.

“ಅನುಸೂಯಕ್ಕ, ನಂಗೆ ಮೀಸೆ ಯಾವಾಗ ಬಂತು, ಸ್ವಲ್ಪ ನೋಡಿ ಹೇಳಿ.”

ಅನುಸೂಯಮ್ಮ ಮನೆಗೆ ಹೋಗಿ ತೊಂಬತ್ತೊಂಬತ್ತರ ಚೀಲ ಬಿಚ್ಚಿದರು. ನಕಲು ಸಿಕ್ಕಿತು. ಗುರುತು ಅವರದೇ ಕೈಯದು. ಚೀಟಿ ಹಣ ಎತ್ತಿ ತಂದಿದ್ದ ಆರು ಸಾವಿರವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಮಾರನೆಯ ದಿನ ಟೀಚರ ಮನೆಗೇ ಹೋದರು.

“ತಪ್ಪು ನಂದು ಟೀಚರಮ್ಮ. ಬಡ್ಡಿ ಸಮೇತ ನಾನೇ ಕಟ್ತೀನಿ.”

“ಬೇಡಕ್ಕ,” ಎಂದರಂತೆ ಟೀಚರು. “ನೀವು ಕಟ್ಟಿದ್ರೆ ನಾನು ಗಂಡಸು ಅಂತ ಒಪ್ಕೊಂಡಂಗಾಗುತ್ತೆ. ಹಿಂದಿನ ಮೂರು ವರ್ಷದ್ದನ್ನೂ ಕೇಳ್ತಾರೆ. ಇಪ್ಪತ್ತು ಸಾವಿರಕ್ಕೆ ನೀವೆಲ್ಲಿ ಹೋಗ್ತೀರಿ, ನಾನೆಲ್ಲಿ ಹೋಗ್ಲಿ? ನಮ್ಮಪ್ಪ ಬೌದ್ಧರಾದ ಮೇಲೆ ಹುಡುಕಿ ಹುಡುಕಿ ಬುದ್ಧನ ಹೆಂಡ್ತಿ ಹೆಸರಿಟ್ರು. ಆ ಹೆಸರನ್ನ ಸರಿ ಮಾಡ್ಸಿಕೊಡಿ, ಸಾಕು.”

ಸರಿ ಮಾಡಿಸುವುದೆಂದರೆ ಹೆಂಗಸು ಎಂಬುದಕ್ಕೆ ದಾಖಲೆ ಬೇಕು. ವೋಟಿನ ಗುರುತಿನ ಚೀಟಿಯಲ್ಲಿ ಟೀಚರ ಮನೆಯ ಹೆಸರು, ಯಶೋದಮ್ಮ ಎಂದಿದೆ. ಅದು ಕಾರ್ಡಿನ ಹೆಸರಿಗೆ ಹೊಂದುವುದಿಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಹೆಸರು. ಅನುಸೂಯಮ್ಮ ಜಿಲ್ಲಾ ಕೇಂದ್ರದ ಕಚೇರಿಗೆ ಮೂರು ಸಲ ಬಸ್ಸಿನಲ್ಲಿ ಹೋಗಿ ಬಂದರು. ಹೋದ ದಿನವೆಲ್ಲ ಮೇಜು ಖಾಲಿ, ಸಂಪಾದನೆ ಇಲ್ಲ. ಒಮ್ಮೆ ಅರ್ಜಿಯ ನಮೂನೆ ಬೇರೆ, ಒಮ್ಮೆ ಸಾಹೇಬರು ರಜೆ, ಒಮ್ಮೆ ದಾಖಲೆ ಸಾಲದು. ಬಸ್ ಚಾರ್ಜು ಕೊಡಲು ಬಂದ ಟೀಚರ ಕೈಯನ್ನು ಅವರು ಮೂರು ಸಲವೂ ಹಿಂದಕ್ಕೆ ತಳ್ಳಿದರು.

ಉಪಾಯ ಹೊಳೆದದ್ದು ಅಕ್ಕಿ ಆರಿಸುವಾಗ ಎನ್ನುತ್ತಾರೆ. ಟೀಚರಿಗೆ ಒಬ್ಬಳು ಮಗಳಿದ್ದಾಳೆ. ಮಗಳು ಹುಟ್ಟುವಾಗ ಅವರು ನೌಕರಿಯಲ್ಲೇ ಇದ್ದರು. ಹಾಗಿದ್ದರೆ ಸರ್ವಿಸ್ ರಿಜಿಸ್ಟರಿನಲ್ಲಿ ಅದರ ಗುರುತಿರಲೇಬೇಕು. ಇತ್ತು. ತೊಂಬತ್ತೊಂದರಲ್ಲಿ ಹೆರಿಗೆ ರಜೆ ಮಂಜೂರಾದ ಆದೇಶ, ಕಾರ್ಡಿನಲ್ಲಿರುವ ಹೆಸರೇ, ಅದೇ ಅಕ್ಷರಗಳು.

ಜೂನ್ ತಿಂಗಳಲ್ಲಿ ನಾಲ್ಕನೆಯ ಸಲ ಇಬ್ಬರೂ ಒಟ್ಟಿಗೆ ಹೋದರು. ಸಾಹೇಬರು ಟೀಚರನ್ನು ನೋಡಿದರು, ಕಾಗದ ನೋಡಿದರು. “ನೀವು ಹೆಂಗಸು ಅನ್ನೋದು ನನ್ನ ಕಣ್ಣಿಗೆ ಗೊತ್ತಾಗುತ್ತಮ್ಮ. ಫೈಲಿಗೆ ಗೊತ್ತಾಗಬೇಕಲ್ಲ,” ಎಂದರು.

ಅನುಸೂಯಮ್ಮ ಆದೇಶವನ್ನು ಮೇಜಿನ ಮೇಲೆ ಸರಿಸಿದರು. “ಸಾರ್, ನಮ್ಮ ಸರ್ಕಾರ ಗಂಡಸಿಗೆ ಹೆರಿಗೆ ರಜೆ ಕೊಟ್ಟಿದ್ದು ಎಲ್ಲಾರ ಐತಾ?”

ಸಾಹೇಬರು ಅದನ್ನು ಎರಡು ಸಲ ಓದಿದರಂತೆ. ಆಮೇಲೆ ಪೆನ್ನು ಕೆಳಗಿಟ್ಟು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವವರೆಗೂ ನಕ್ಕರಂತೆ.

ನಕ್ಕರೂ ಆದೇಶ ಅಂದೇ ಕೈಗೆ ಬರಲಿಲ್ಲ. ಬರೆದು ಕಳಿಸುತ್ತೇವೆ ಎಂದರು. ತಿಂಗಳು ಕಳೆಯಿತು. ಈ ವರ್ಷದ ರಿಟರ್ನ್ಸಿಗೂ ಅದು ಬೇಕು. ಹೋದ ಮಾರ್ಚಿಗೆ ಮುಗಿದ ವರ್ಷದ ಲೆಕ್ಕದಲ್ಲಿ ಹೆಂಗಸರ ಐದು ಸಾವಿರ ಇನ್ನೂ ಉಂಟು. ಮುಂದಕ್ಕೆ ಅದೂ ಹೋಗಿದೆ, ಅದರ ಬದಲಿಗೆ ಬಂದದ್ದೇ ರಟ್ಟಿನ ಮೇಲೆ ಚೀಟಿ ಅಂಟಿಸಿದ ಆ ಮಿತಿ.

ಚಿಕ್ಕಣ್ಣನವರ ಫಾರಂ ಮುಗಿದು ಸಾಲು ಸ್ವಲ್ಪ ಕರಗಿದೆ. ಜಾವಗಲ್ ಬಸ್ಸಿನಿಂದ ಇಳಿದ ಯಶೋಧರಾ ಟೀಚರು ಸಾಲಿನಲ್ಲಿ ನಿಲ್ಲದೆ ಸೀದಾ ಬರುತ್ತಾರೆ. ಕೈಯಲ್ಲಿ ರಿಜಿಸ್ಟರ್ಡ್ ಕವರು. ನಿನ್ನೆ ಸಂಜೆ ಶಾಲೆಗೆ ಬಂದದ್ದು.

ಅನುಸೂಯಮ್ಮ ಬೆರಳಿಟ್ಟುಕೊಂಡು ಓದುತ್ತಾರೆ. ಐದು ಸಾವಿರದ ಬೇಡಿಕೆ ರದ್ದಾಗಿದೆ. ದಾಖಲೆ ತಿದ್ದಲಾಗಿದೆ. ಹಿಂದಿನ ವರ್ಷಗಳದ್ದು ಎತ್ತುವುದಿಲ್ಲ. ಹೆಸರಿನ ಹಿಂದೆ ‘ಶ್ರೀಮತಿ’ ಇದೆ. ಮುಗಿಸಿ, ಮತ್ತೆ ಮೇಲಿನಿಂದ ಓದುತ್ತಾರೆ. ಕಾಗದವನ್ನು ಮಡಿಸಲು ಹೋಗಿ, ಮಡಿಕೆ ಬೀಳಬಾರದೆಂದು ಹಾಗೆಯೇ ಕೊಡುತ್ತಾರೆ.

ಟೀಚರು ಐನೂರರ ನೋಟು ಮೇಜಿನ ಮೇಲೆ ಇಡುತ್ತಾರೆ. “ನಾಲ್ಕು ದಿನದ ಕೂಲಿನಾದ್ರೂ ತಗೊಳ್ಳಿ ಅಕ್ಕ.”

“ತಿದ್ದಿದ್ದಕ್ಕೆ ಕೂಲಿ ಇಲ್ಲ ಟೀಚರಮ್ಮ. ಈ ವರ್ಷದ ಫಾರಂದು ಹದಿನೈದು ಕೊಡಿ.”

ಟೀಚರು ಹದಿನೈದು ಎಣಿಸಿ ಕೊಟ್ಟು, ಜಾನಕಮ್ಮನಿಗೆ ಎರಡು ಟೀ ಹೇಳುತ್ತಾರೆ. ಟೀ ಕುಡಿಯುತ್ತಾ, ನಿಮಗೆ ಸರ್ಕಾರದಿಂದ ಏನಾಗಬೇಕು ಎಂದು ಟೀಚರು ಕೇಳಿದರೆ ಅನುಸೂಯಮ್ಮ ಹೊಸ ಟೈಪ್‌ರೈಟರ್ ಎನ್ನುವುದಿಲ್ಲ, ನೆರಳಿಗೊಂದು ಶೀಟು ಎನ್ನುವುದಿಲ್ಲ. ಬಲಗಡೆಯ ಕಟ್ಟಿನಿಂದ ಖಾಲಿ ಫಾರಂ ಒಂದನ್ನು ಎಳೆದು, ಹೆಸರಿನ ಜಾಗಕ್ಕೆ ಬೆರಳಿಡುತ್ತಾರೆ.

“ಹೆಂಗೂ ವರ್ಷಾ ವರ್ಷ ಇದನ್ನ ಬದಲಾಯಿಸ್ತಾರಲ್ಲ. ಯಾವುದಾದ್ರೂ ಒಂದು ವರ್ಷ, ಇಲ್ಲಿ ಕೆಳಗೆ, ಹೆಸರನ್ನ ಕನ್ನಡದಾಗೆ ಬರೆಯೋಕೆ ಒಂದು ಗೆರೆ ಬಿಡ್ಲಿ. ಒಂದೇ ಗೆರೆ.”